ಹೆಂಚಿನ ಕಾರ್ಖಾನೆಯ ಒಂದು ಷೇರಿಗೆ ಎಷ್ಟು?

ಅಣ್ಣನ ವರದಿಯಲ್ಲಿ ಒಂದು ಷೇರಿಗೆ 1,000 ರೂಪಾಯಿ. ತಮ್ಮನ ವರದಿಯಲ್ಲಿ 17,200. ಎರಡನ್ನೂ ಲೆಕ್ಕಪರಿಶೋಧಕರೇ ಬರೆದಿದ್ದರು, ಎರಡರಲ್ಲೂ ಕೂಡುವುದು ಕಳೆಯುವುದು ತಪ್ಪಿರಲಿಲ್ಲ. ದಕ್ಷಿಣ ಕನ್ನಡದ ಹಳೆಯ ಹೆಂಚಿನ ಕಾರ್ಖಾನೆ ಅದು. ಆ ಇಬ್ಬರ ಅಪ್ಪ ಕಟ್ಟಿದ ಖಾಸಗಿ ಕಂಪನಿ. ಒಟ್ಟು 10,000 ಷೇರುಗಳಲ್ಲಿ 3,000 ತಮ್ಮನವು. ಕಂಪನಿಗಳ ವ್ಯಾಜ್ಯ ಕೇಳುವ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಬೆಂಗಳೂರು ಪೀಠ, ಆ ಷೇರುಗಳನ್ನು ಅಣ್ಣ ಕೊಂಡುಕೊಳ್ಳಲಿ ಎಂದು ಹೇಳಿ, ಬೆಲೆ ಕಟ್ಟುವ ಕೆಲಸವನ್ನು ನೋಂದಾಯಿತ ಮೌಲ್ಯಮಾಪಕನಾದ ನನಗೆ ಒಪ್ಪಿಸಿತು.

ಕಂಪನಿ ಕಾಯಿದೆಯ 247ನೇ ಕಲಮಿನ ಪ್ರಕಾರ, ನೇಮಕಕ್ಕೆ ಹಿಂದಿನ ಮೂರು ವರ್ಷಗಳಲ್ಲಾಗಲಿ ಮೌಲ್ಯಮಾಪನದ ನಂತರದ ಮೂರು ವರ್ಷಗಳಲ್ಲಾಗಲಿ ಆ ಆಸ್ತಿಯಲ್ಲಿ ಮೌಲ್ಯಮಾಪಕನಿಗೆ ಯಾವ ಹಿತಾಸಕ್ತಿಯೂ ಇರಬಾರದು. ಅದನ್ನು ಮೊದಲು ಬರೆದುಕೊಟ್ಟೆ. ಕಾರ್ಖಾನೆಗೆ ಹೋಗುವಾಗ ಇಬ್ಬರ ವಕೀಲರಿಗೂ ಒಂದೇ ಪತ್ರ ಕಳಿಸಿದೆ, ಇಬ್ಬರೂ ಬಂದ ಮೇಲೆಯೇ ಗೇಟು ದಾಟಿದೆ. "ಬಿಸಿಲು ಜೋರಿದೆ ಸರ್, ಒಂದು ಬೊಂಡವಾದರೂ ಕುಡಿಯಿರಿ" ಎಂದರು ಅಣ್ಣ. ನಮ್ಮ ಕಡೆ ಬೇಡ ಎನ್ನುವುದು ಕಷ್ಟ. ಆದರೆ ಆಚೆ ನಿಂತಿದ್ದ ತಮ್ಮ ನನ್ನ ಕೈಯನ್ನೇ ನೋಡುತ್ತಿದ್ದರು. ಚೀಲದಲ್ಲಿದ್ದ ನೀರು ಕುಡಿದೆ.

ಲೆಕ್ಕಪುಸ್ತಕಗಳಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಗೋದಾಮಿನ ಬಾಡಿಗೆ. ತಿಂಗಳಿಗೆ 1,25,000 ರೂಪಾಯಿ ಅಣ್ಣನ ಹೆಂಡತಿಯ ಖಾತೆಗೆ ಹೋಗುತ್ತಿತ್ತು. ಅದೇ ರಸ್ತೆಯ ಅಂಥದೇ ಎರಡು ಗೋದಾಮುಗಳ ಕರಾರುಪತ್ರ ತರಿಸಿ ನೋಡಿದರೆ 25,000ದ ಆಸುಪಾಸು. ವರ್ಷಕ್ಕೆ 12 ಲಕ್ಷ ಹೆಚ್ಚುವರಿ. ತೆರಿಗೆ ಕಳೆದರೆ ಸುಮಾರು 9 ಲಕ್ಷ. ಪುಸ್ತಕದ ಸರಾಸರಿ ನಿವ್ವಳ ಲಾಭ 15 ಲಕ್ಷಕ್ಕೆ ಅದನ್ನು ಸೇರಿಸಿದಾಗ 24 ಲಕ್ಷವಾಯಿತು. ಇಂಥ ಉದ್ಯಮದಲ್ಲಿ ಹಣ ಹಾಕುವವನು ಬಯಸುವ ಪ್ರತಿಫಲವನ್ನು ಶೇ. 15 ಎಂದು ಹಿಡಿದೆ. 24 ಲಕ್ಷ ಎಂದರೆ 1.6 ಕೋಟಿಯ ಶೇ. 15, ಹಾಗಾಗಿ ಗಳಿಕೆಯ ಲೆಕ್ಕದಲ್ಲಿ ಕಂಪನಿಯ ಬೆಲೆ 1.6 ಕೋಟಿ.

ತಮ್ಮನ ವರದಿ ಈ ಗಳಿಕೆಯ ಮೇಲೆ ಇಡೀ 260 ಸೆಂಟ್ಸ್ ಜಾಗದ 15.6 ಕೋಟಿಯನ್ನೂ ಕೂಡಿಸಿತ್ತು. ಭಟ್ಟಿ ಇರುವ ನೆಲದಿಂದಲೇ ಆ ಗಳಿಕೆ ಹುಟ್ಟುವಾಗ ಅದೇ ನೆಲಕ್ಕೆ ಮತ್ತೆ ಬೆಲೆ ಹಾಕಿದರೆ ಒಂದೇ ಆಸ್ತಿಯನ್ನು ಎರಡು ಸಲ ಎಣಿಸಿದಂತೆ. ನಡೆಯುತ್ತಿರುವ ಕಂಪನಿಯ ಷೇರಿಗೆ ಸಾಮಾನ್ಯವಾಗಿ ಗಳಿಕೆಯೇ ಆಧಾರ, ಮುಚ್ಚುವ ಹಂತದಲ್ಲಿರುವುದಕ್ಕೆ ಆಸ್ತಿಯ ಬೆಲೆ ಎಂದು ಸುಪ್ರೀಂ ಕೋರ್ಟ್ 1972ರ ಮಹಾದೇವ ಜಲಾನ್ ಪ್ರಕರಣದಲ್ಲೇ ಹೇಳಿದೆ. ಆದರೆ ಅಣ್ಣನ ವರದಿ ಜಾಗವನ್ನು ಪೂರ್ತಿ ಮರೆತಿದ್ದೂ ಅನ್ಯಾಯವೇ. ಹಿಂದೆ ಮಣ್ಣು ರಾಶಿ ಹಾಕುತ್ತಿದ್ದ 110 ಸೆಂಟ್ಸ್‌ನಲ್ಲಿ ಈಗ ಮೊಣಕಾಲುದ್ದ ಹುಲ್ಲು ಬೆಳೆದಿತ್ತು. ಉದ್ಯಮಕ್ಕೆ ಬೇಡದ ಆ ಭಾಗವನ್ನು ಪ್ರತ್ಯೇಕ ಆಸ್ತಿ ಎಂದು ಗಣಿಸಿದೆ. ನನ್ನ ನೋಂದಣಿ ಇರುವುದು ಷೇರು ಮತ್ತು ಹಣಕಾಸು ಆಸ್ತಿಗಳಿಗೆ. ಜಮೀನಿಗೆ ಬೆಲೆ ಕಟ್ಟುವ ಹಕ್ಕು ನನಗಿಲ್ಲ. ಪೀಠದ ಅನುಮತಿ ಪಡೆದು ಭೂಮಿ-ಕಟ್ಟಡದ ಮೌಲ್ಯಮಾಪಕರನ್ನು ಕರೆಸಿದೆ. ಮಾರಾಟದ ತೆರಿಗೆ, ಖರ್ಚು ಕಳೆದು ಸೆಂಟ್ಸ್‌ಗೆ 5 ಲಕ್ಷ ನಿಂತಿತು.

ಗಳಿಕೆಯ 1.6 ಕೋಟಿಗೆ ಆ ಜಾಗದ 5.5 ಕೋಟಿ ಸೇರಿಸಿ, ಕರಡು ವರದಿಯಲ್ಲಿ ಷೇರಿಗೆ 7,100 ಬರೆದೆ. ಇಬ್ಬರೂ ಆಕ್ಷೇಪಣೆ ಹಾಕಿದರು. ಅಣ್ಣನ ಆಕ್ಷೇಪಣೆಯಲ್ಲಿ ಒಂದು ಮಾತು ನಿಜವಿತ್ತು: ಹೆಚ್ಚುವರಿ ಎಂದು ನಾನು ತೋರಿಸಿದ ಜಾಗದಲ್ಲಿ ಹತ್ತು ಸೆಂಟ್ಸ್ ಲಾರಿ ತಿರುಗುವ ದಾರಿ. ಮತ್ತೆ ಹೋಗಿ ನೋಡಿದೆ. ಹುಲ್ಲಿನ ನಡುವೆ ಟಯರಿನ ಗುರುತು ಕೆಂಪಗೆ ಕಾಣುತ್ತಿತ್ತು. ಮೊದಲ ಸಲ ನಾನು ಆ ಮೂಲೆಗೆ ನಡೆದೇ ಇರಲಿಲ್ಲ. ತಿದ್ದುಪಡಿ ಮೆಮೊ ಸಲ್ಲಿಸಿ 6,600ಕ್ಕೆ ಇಳಿಸಿದೆ. ತಜ್ಞ ತನ್ನ ವರದಿಯನ್ನು ತಿದ್ದಿದರೆ ತೂಕ ಕಳೆದುಕೊಳ್ಳುತ್ತಾನೆ ಎಂದು ಹಿರಿಯ ಸಹೋದ್ಯೋಗಿಯೊಬ್ಬರು ಎಚ್ಚರಿಸಿದ್ದರು. ನಾನು ಹಾಗೆ ನಂಬುವುದಿಲ್ಲ.

ಕಂಪನಿಯ ಮೇಲೆ ಹಿಡಿತ ಕೊಡದ ಅಲ್ಪಸಂಖ್ಯೆಯ ಷೇರು ಎಂಬ ಕಾರಣಕ್ಕೆ ಬೆಲೆ ಕಡಿತಗೊಳಿಸಬೇಕು ಎಂಬುದು ಅಣ್ಣನ ಇನ್ನೊಂದು ವಾದ. ಒಡಹುಟ್ಟಿದವರು ಪಾಲುದಾರರಂತೆ ನಡೆಸಿದ ಕಂಪನಿಯಲ್ಲಿ ಅದು ಸಲ್ಲದು ಎಂಬುದು ನನ್ನ ಅಭಿಪ್ರಾಯ. ಆದರೂ ಅದು ಕಾನೂನಿನ ಪ್ರಶ್ನೆ. ಕಡಿತ ಮಾಡಿದರೆ ಎಷ್ಟು, ಮಾಡದಿದ್ದರೆ ಎಷ್ಟು ಎಂದು ಎರಡನ್ನೂ ಲೆಕ್ಕ ಹಾಕಿ ತೀರ್ಮಾನವನ್ನು ಪೀಠಕ್ಕೆ ಬಿಟ್ಟೆ. ಪೀಠ ಕಡಿತವನ್ನು ಒಪ್ಪಲಿಲ್ಲ. 1.98 ಕೋಟಿಯನ್ನು ಅಣ್ಣ ಮೂರು ಕಂತುಗಳಲ್ಲಿ ಕೊಟ್ಟರು.