ಕೂಲಂಟ್ ಡಬ್ಬಿಯಲ್ಲಿ ಆಯಿಲ್: ಹೆಡ್ ಇಳಿಸುವ ಮೊದಲು ನೋಡಬೇಕಾದ್ದು, ಆಮೇಲೆ ತೊಳೆಯಬೇಕಾದ್ದು

ಬಾನೆಟ್ ಎತ್ತಿ ಕೂಲಂಟ್ (ಇಂಜಿನ್ ತಣಿಸುವ ದ್ರವ) ಡಬ್ಬಿಯ ಮುಚ್ಚಳ ತಿರುಗಿಸಿದರೆ ಹಸಿರೋ ಕೆಂಪೋ ಇರಬೇಕಾದ ಕಡೆ ಹಾಲು ಹೆಚ್ಚಾದ ಕಾಫಿಯಂಥ ಗಟ್ಟಿ ಪದಾರ್ಥ. ಮುಚ್ಚಳದ ಅಡಿಗೂ ಬೆಣ್ಣೆ ಮೆತ್ತಿದಂತೆ ಅದೇ. ಇದನ್ನು ಕಂಡೊಡನೆ ಗ್ಯಾರೇಜುಗಳಲ್ಲಿ ಬರುವ ಮೊದಲ ಮಾತು: ‘ಹೆಡ್ ಗ್ಯಾಸ್ಕೆಟ್ ಹೋಗಿದೆ ಸಾರ್, ಹೆಡ್ ಇಳಿಸಬೇಕು.’ (ಹೆಡ್ ಎಂದರೆ ಇಂಜಿನ್‌ನ ಸಿಲಿಂಡರ್‌ಗಳ ಮೇಲೆ ಕೂರುವ ಭಾಗ, ಹೆಡ್ ಗ್ಯಾಸ್ಕೆಟ್ ಎಂದರೆ ಅದರ ಅಡಿಯ ಸೀಲು.) ಹೆಡ್ ಇಳಿಯುತ್ತದೆ, ಲೇತ್‌ಗೆ ಹೋಗುತ್ತದೆ, ಹೊಸ ಗ್ಯಾಸ್ಕೆಟ್ ಕೂರುತ್ತದೆ. ಕಾರು ಮನೆಗೆ ಬಂದ ಹತ್ತು ದಿನಕ್ಕೆ ಡಬ್ಬಿಯಲ್ಲಿ ಮತ್ತೆ ಅದೇ ಕಾಫಿ. ಹೀಗಾದರೆ ಕಾರಣ ಬಹುತೇಕ ಎರಡರಲ್ಲಿ ಒಂದು. ಆಯಿಲ್ ಬರುತ್ತಿದ್ದದ್ದು ಹೆಡ್‌ನಿಂದಲ್ಲ, ಇಂಜಿನ್ ಆಯಿಲ್ ತಣಿಸುವ ಆಯಿಲ್ ಕೂಲರ್‌ನಿಂದ. ಇಲ್ಲವೇ ರಿಪೇರಿ ಸರಿಯಾಗಿಯೇ ಆಗಿತ್ತು, ತೊಳೆಯುವ ಕೆಲಸ ಅರ್ಧಕ್ಕೇ ಮುಗಿದಿತ್ತು.

ಕಾರಣ ಗೊತ್ತಾಗುವವರೆಗೆ ಗಾಡಿ ಓಡಿಸಬೇಡಿ. ಆಯಿಲ್ ಬೆರೆತ ಕೂಲಂಟ್ ಶಾಖವನ್ನು ಸರಿಯಾಗಿ ಹೊರುವುದಿಲ್ಲ, ಸಣ್ಣ ದಾರಿಗಳನ್ನು ಕಟ್ಟಿಸುತ್ತದೆ. ಕೂಲಂಟ್ ಅತ್ತ ಇಂಜಿನ್ ಆಯಿಲ್‌ಗೂ ಇಳಿದಿದ್ದರೆ ಬೇರಿಂಗ್ ತಿಂದುಹೋಗುತ್ತದೆ. ಮುಚ್ಚಳ ತೆಗೆಯುವುದು ಇಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ.

ಅದು ಆಯಿಲ್ ಹೌದೇ?

ಮೊದಲು ಇದು ಖಾತ್ರಿಯಾಗಲಿ. ಡಬ್ಬಿಯಿಂದ ಒಂದು ಚಮಚ ತೆಗೆದು ಹಳೆಯ ನ್ಯೂಸ್‌ಪೇಪರ್ ಮೇಲೆ ಸವರಿ ಬಿಸಿಲಿಗಿಡಿ. ನೀರು ಆರಿದ ಮೇಲೆ ಬೋಂಡಾ ಕಟ್ಟಿದ ಕಾಗದದ ಹಾಗೆ ಜಿಡ್ಡಿನ ಕಲೆ ಉಳಿದು ಬೆಳಕು ತೂರಿದರೆ ಅದು ಆಯಿಲ್. ಕೆಂಪು ಪುಡಿ ಉಳಿದರೆ ತುಕ್ಕು. ಎರಡೂ ಅಲ್ಲದೆ ಅಂಟಂಟಾದ ಜೆಲ್ಲಿ ಉಳಿದರೆ ಯಾರೋ ಎರಡು ಜಾತಿಯ ಕೂಲಂಟ್ ಬೆರೆಸಿದ್ದಾರೆ, ಇಲ್ಲವೇ ಸೋರಿಕೆ ನಿಲ್ಲಿಸುವ ಬಾಟಲಿ ಸುರಿದಿದ್ದಾರೆ. ಇವಕ್ಕೆ ಹೆಡ್ ಇಳಿಸುವ ಅಗತ್ಯವಿಲ್ಲ.

ಗಾಡಿಗೆ ಕೊನೆಯದಾಗಿ ಯಾರು ಕೈ ಹಾಕಿದ್ದರು ಎಂದೂ ವಿಚಾರಿಸಿ. ಟಾಪ್ಅಪ್ ಮಾಡುವ ಭರದಲ್ಲಿ ಇಂಜಿನ್ ಆಯಿಲನ್ನು ಕೂಲಂಟ್ ಡಬ್ಬಿಗೆ ಸುರಿಯುವವರೂ ಇದ್ದಾರೆ. ಹಾಗಾಗಿದ್ದರೆ ರಿಪೇರಿಯೇ ಬೇಡ, ತೊಳೆದರೆ ಸಾಕು.

ಇನ್ನೊಂದು ಸುಳ್ಳು ಗಾಬರಿ: ಇಂಜಿನ್ ಆಯಿಲ್ ಹಾಕುವ ಮುಚ್ಚಳದ ಅಡಿ ಕಾಣುವ ತೆಳು ಕೆನೆ. ದಿನಕ್ಕೆ ಎರಡು ಮೂರು ಕಿಲೋಮೀಟರ್ ಮಾತ್ರ ಓಡುವ ಗಾಡಿಯಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ಅದು ಬರೀ ಒಳಗೆ ಕಟ್ಟಿದ ತೇವ. ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಮೇಲಿನ ಆಯಿಲ್ ಶುದ್ಧವಾಗಿದ್ದು ಕೂಲಂಟ್ ಮಟ್ಟ ಇಳಿಯದೆ ಇದ್ದರೆ ಅದನ್ನು ಒರೆಸಿ ಮರೆತುಬಿಡಿ. ಡಿಪ್‌ಸ್ಟಿಕ್ ಮೇಲೆ ಅನುಮಾನವಿದ್ದರೆ ಒಂದು ಹನಿಯನ್ನು ಕಾದ ತಗಡಿನ ಮೇಲೆ ಬಿಡಿ. ಚಟಪಟ ಸಿಡಿದರೆ ಒಳಗೆ ನೀರಿದೆ. (ಅಡುಗೆಮನೆಯ ತವಾ ಬೇಡ. ಕೂಲಂಟ್‌ನ ಗ್ಲೈಕಾಲ್ ವಿಷ.)

ಎಲ್ಲಿಂದ ಬಂತು?

ಇಂಜಿನ್ ಓಡುವಾಗ ಆಯಿಲ್ ಒತ್ತಡ ಸಾಮಾನ್ಯವಾಗಿ 3ರಿಂದ 5 ಬಾರ್. ಕೂಲಂಟ್ ಒತ್ತಡ 1 ಬಾರ್‌ನ ಆಸುಪಾಸು, ಹೆಚ್ಚೆಂದರೆ ಒಂದೂವರೆ. ಇವೆರಡರ ನಡುವೆ ಎಲ್ಲಿ ತೂತು ಬಿದ್ದರೂ ಗಾಡಿ ಓಡುವಷ್ಟು ಹೊತ್ತು ಆಯಿಲ್ಲೇ ನೀರಿನ ಕಡೆ ನುಗ್ಗುತ್ತದೆ. ಹಾಗಾಗಿ ಡಬ್ಬಿ ತುಂಬ ಆಯಿಲ್ ಇದ್ದೂ ಡಿಪ್‌ಸ್ಟಿಕ್ ಶುದ್ಧವಾಗಿದ್ದರೆ, ಗಾಡಿ ಬಿಸಿಯೇರದೆ, ಬಿಳಿ ಹೊಗೆ ಬಿಡದೆ ಇದ್ದರೆ, ಮೊದಲ ಸಂಶಯ ಆಯಿಲ್ ಕೂಲರ್ ಮೇಲೆ ಹೋಗಬೇಕು. ಒಂದು ಪದರದಲ್ಲಿ ಆಯಿಲ್, ಪಕ್ಕದ ಪದರದಲ್ಲಿ ಕೂಲಂಟ್ ಹರಿಯುವ ಅಲ್ಯೂಮಿನಿಯಂ ತಗಡುಗಳ ಕಟ್ಟು ಅದು. ಸ್ವಿಫ್ಟ್, ಇಂಡಿಕಾ ವಿಸ್ಟಾ, ಪುಂಟೊಗಳಲ್ಲಿ ಬಂದ 1.3 ಲೀಟರ್ ಡೀಸೆಲ್ ಇಂಜಿನ್‌ನಲ್ಲಿ ಆಯಿಲ್ ಫಿಲ್ಟರ್ ಹೌಸಿಂಗ್‌ಗೆ ಅಂಟಿಕೊಂಡೇ ಕೂತಿರುತ್ತದೆ. ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಹಲವಕ್ಕೆ ಈ ಕೂಲರೇ ಇಲ್ಲ. ಅಲ್ಲಿ ಹೆಡ್ ಕಡೆ ನೋಡಿದರೆ ತಪ್ಪಿಲ್ಲ.

ಹೆಡ್ ಗ್ಯಾಸ್ಕೆಟ್ ಸಿಲಿಂಡರ್ ಕಡೆ ಹೋಗಿದ್ದರೆ ಅದರ ಲಕ್ಷಣಗಳೇ ಬೇರೆ. ಬೆಳಗ್ಗೆ ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿ ಒಂದೆರಡು ನಿಮಿಷದಲ್ಲಿ ರೇಡಿಯೇಟರ್‌ನ ಮೇಲಿನ ಹೋಸ್ ಹಿಚುಕಿ ನೋಡಿ. ಇನ್ನೂ ತಣ್ಣಗಿದ್ದೂ ಕಲ್ಲಿನಂತೆ ಬಿಗಿದಿದ್ದರೆ ಸಿಲಿಂಡರ್ ಗಾಳಿ ನೀರಿಗೆ ನುಗ್ಗುತ್ತಿದೆ. ಡಬ್ಬಿಯಲ್ಲಿ ಬಿಡದೆ ಗುಳ್ಳೆ ಏಳುತ್ತಿದ್ದರೂ ಅದೇ ಮಾತು. ಹೊಗೆಯ ಇಂಗಾಲದ ಡೈಆಕ್ಸೈಡ್ ಹಿಡಿಯುವ ನೀಲಿ ದ್ರವದ ಟೆಸ್ಟರನ್ನು ಡಬ್ಬಿಯ ಬಾಯಿಗೆ ಇಟ್ಟರೆ ಬಣ್ಣ ಹಳದಿಗೆ ತಿರುಗುತ್ತದೆ. ಐಡಲ್‌ನಲ್ಲಿ ಡೀಸೆಲ್ ಹೊಗೆಗೆ ಇಂಗಾಲದ ಡೈಆಕ್ಸೈಡ್ ಕಡಿಮೆ. ಬಣ್ಣ ಬದಲಾಗಲಿಲ್ಲ ಎಂದು ಡೀಸೆಲ್ ಗಾಡಿಯ ಹೆಡ್‌ಗೆ ಅಷ್ಟಕ್ಕೇ ಸರ್ಟಿಫಿಕೇಟ್ ಕೊಡಬೇಡಿ.

ಬಣ್ಣ ಕಾಫಿಯದ್ದಲ್ಲ, ರೋಸ್ ಮಿಲ್ಕ್‌ನದ್ದೇ? ಹಾಗಾದರೆ ಅದು ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ನ ಆಯಿಲ್. ರೇಡಿಯೇಟರ್ ಒಳಗಿನ ಗೇರ್ ಆಯಿಲ್ ಕೂಲರ್ ತೂತಾಗಿದೆ. ಇಲ್ಲಿ ಸ್ಟಾರ್ಟ್ ಕೂಡ ಮಾಡಬೇಡಿ, ಟೋ ಮಾಡಿಸಿ. ಗ್ಲೈಕಾಲ್ ಗೇರ್‌ಬಾಕ್ಸ್‌ಗೆ ಸೇರಿದರೆ ಕ್ಲಚ್ ಪ್ಲೇಟುಗಳ ಲೈನಿಂಗ್ ಬಿಟ್ಟುಕೊಳ್ಳುತ್ತದೆ. ಮ್ಯಾನ್ಯುವಲ್ ಮತ್ತು ಎಎಂಟಿ (ಕ್ಲಚ್, ಗೇರ್ ತಾನೇ ಬದಲಿಸಿಕೊಳ್ಳುವ ಮ್ಯಾನ್ಯುವಲ್ ಗೇರ್‌ಬಾಕ್ಸ್) ಗಾಡಿಯವರಿಗೆ ಈ ಚಿಂತೆ ಇಲ್ಲ.

ಕೂಲರ್ ಪರೀಕ್ಷೆ ಮತ್ತು ಬದಲಾವಣೆ

ಕೂಲರ್ ಬಿಚ್ಚಿ, ಆಯಿಲ್ ಬಾಯಿಗಳಲ್ಲಿ ಒಂದನ್ನು ರಬ್ಬರ್ ಮತ್ತು ತಗಡಿನಿಂದ ಮುಚ್ಚಿ, ಇನ್ನೊಂದರಿಂದ 3 ಬಾರ್ ಗಾಳಿ ಕೊಟ್ಟು ಬಕೆಟ್‌ನಲ್ಲಿ ಮುಳುಗಿಸಿ. ನೀರು ಬಿಸಿಯಿರಲಿ. ಬಿಸಿಯಲ್ಲಿ ಮಾತ್ರ ಬಾಯಿ ಬಿಡುವ ಬಿರುಕು ತಣ್ಣೀರಿನಲ್ಲಿ ಸುಮ್ಮನಿರುತ್ತದೆ. ಕೂಲಂಟ್ ಬಾಯಿಯಿಂದ ಗುಳ್ಳೆ ಬಂದರೆ ಕಳ್ಳ ಸಿಕ್ಕ. ಬಾರದಿದ್ದರೆ ಗ್ಯಾಸ್ಕೆಟ್ ನೋಡಿ. ಒಂದೇ ರಬ್ಬರ್ ಗ್ಯಾಸ್ಕೆಟ್ ಎರಡು ದಾರಿಗಳನ್ನೂ ಬೇರ್ಪಡಿಸುವ ಕಡೆ, ಅದು ಚಪ್ಪಟೆಯಾಗಿ ಗಟ್ಟಿಯಾಗಿದ್ದರೆ ಅಷ್ಟೇ ಸಾಕು ಬೆರೆಯುವುದಕ್ಕೆ.

ನನ್ನ ಸಲಹೆ: ಬಿಚ್ಚಿದ ಮೇಲೆ ಕೂಲರ್, ಗ್ಯಾಸ್ಕೆಟ್ ಎರಡನ್ನೂ ಹೊಸದೇ ಹಾಕಿ. ಕೂಲರ್‌ಗೆ ವೆಲ್ಡಿಂಗ್ ಬೇಡ. ಕೂರುವ ಜಾಗವನ್ನು ಹ್ಯಾಕ್ಸಾ ಬ್ಲೇಡಿನಿಂದ ಕೆರೆಯುವುದು ನಮ್ಮಲ್ಲಿ ರೂಢಿ; ಅಲ್ಯೂಮಿನಿಯಂ ಮೇಲೆ ಒಂದು ಗೀರು ಬಿದ್ದರೂ ಆಯಿಲ್‌ಗೆ ಅದೇ ಕಾಲುವೆ. ಪ್ಲಾಸ್ಟಿಕ್ ಸ್ಕ್ರೇಪರ್ ಸಾಕು. ರಬ್ಬರ್ ಗ್ಯಾಸ್ಕೆಟ್ ಮೇಲೆ ಸಿಲಿಕೋನ್ ಗಮ್ ಬಳಿಯುವುದೂ ಬೇಡ, ಉದುರಿದ ಚೂರು ಆಯಿಲ್ ದಾರಿಯಲ್ಲಿ ಹೋಗಿ ಸಿಕ್ಕಿಕೊಳ್ಳುತ್ತದೆ. ಎಂ6 ಬೋಲ್ಟುಗಳಿಗೆ ಸಾಮಾನ್ಯವಾಗಿ 8ರಿಂದ 10 ನ್ಯೂಟನ್ ಮೀಟರ್. ನಿಮ್ಮ ಇಂಜಿನ್‌ನ ಲೆಕ್ಕ ಮ್ಯಾನ್ಯುವಲ್‌ನಲ್ಲಿರುತ್ತದೆ.

ಕೂಲರ್ ಪಾಸಾಗಿ ಹೆಡ್ಡೇ ಇಳಿಸಬೇಕಾಗಿ ಬಂದರೆ ಅದು ಮನೆಯಂಗಳದ ಕೆಲಸವಲ್ಲ. ಮೂರು ವಿಷಯ ಮಾತ್ರ ಪಟ್ಟು ಹಿಡಿದು ಕೇಳಿ: ಹೆಡ್‌ಗೆ ಪ್ರೆಷರ್ ಟೆಸ್ಟ್ ಮಾಡಿಸಿದಿರಾ, ಹೊಸ ಹೆಡ್ ಬೋಲ್ಟ್ ಹಾಕಿದಿರಾ (ಕೋನದ ಲೆಕ್ಕದಲ್ಲಿ ಬಿಗಿಯುವ ಬೋಲ್ಟುಗಳು ಒಮ್ಮೆ ಎಳೆದುಕೊಂಡ ಮೇಲೆ ಮುಗಿಯಿತು), ಡೀಸೆಲ್ ಆದರೆ ಹಳೆಯದರಷ್ಟೇ ದಪ್ಪದ ಗ್ಯಾಸ್ಕೆಟ್ ಎಂದು ಅಂಚಿನ ಗುರುತು ನೋಡಿ ಖಾತ್ರಿ ಮಾಡಿಕೊಂಡಿರಾ.

ತೊಳೆಯುವುದು

ಕೆಲಸ ಕೆಡುವುದು ಹೆಚ್ಚಾಗಿ ಇಲ್ಲಿ. ಎರಡು ಸಲ ನಲ್ಲಿ ನೀರು ಬಿಟ್ಟು ‘ಕ್ಲೀನ್ ಆಯ್ತು’ ಅಂದುಬಿಡುತ್ತಾರೆ. ಗೋಡೆಗೆ ಹತ್ತಿದ ಆಯಿಲ್ ಬರೀ ನೀರಿಗೆ ಬಿಡುವುದಿಲ್ಲ. ಜಿಡ್ಡಿನ ಬಾಣಲೆಯನ್ನು ತಣ್ಣೀರಲ್ಲಿ ತೊಳೆದ ಹಾಗೆ.

ಸೋರಿಕೆ ರಿಪೇರಿ ಮುಗಿದ ಮೇಲೆಯೇ ತೊಳೆಯಿರಿ. ಆದರೆ ಹೊಸ ಹೋಸ್‌ಗಳನ್ನು ಈಗಲೇ ಹಾಕಬೇಡಿ. ಹಳೆಯ ಹೋಸ್‌ಗಳಲ್ಲೇ ತೊಳೆದು ಕೊನೆಗೆ ಬದಲಾಯಿಸಿ. ಕೂಲಂಟ್ ಹೋಸ್‌ನ ರಬ್ಬರ್ ಆಯಿಲ್ ಕುಡಿದರೆ ಉಬ್ಬಿ ಮೆತ್ತಗಾಗುತ್ತದೆ, ಹೊಸದಕ್ಕೂ ಅದೇ ಗತಿ ಬೇಡ. ಡಿಪ್‌ಸ್ಟಿಕ್‌ನಲ್ಲೂ ಕೆನೆ ಇದ್ದಿದ್ದರೆ ಸ್ಟಾರ್ಟ್ ಮಾಡುವ ಮುಂಚೆ ಇಂಜಿನ್ ಆಯಿಲ್, ಫಿಲ್ಟರ್ ಬದಲಾಯಿಸಿ. ಅದೇ ಗ್ರೇಡಿನ ಅಗ್ಗದ ಆಯಿಲ್ ಸಾಕು, ತೊಳೆದಾದ ಮೇಲೆ ಅದನ್ನೂ ಚೆಲ್ಲಬೇಕು.

ಹಳೆಯ ಕೂಲಂಟ್ ಪೂರ್ತಿ ಇಳಿಸಿ: ಕೆಳಗಿನ ಹೋಸ್, ಇದ್ದರೆ ಬ್ಲಾಕ್‌ನ ಡ್ರೈನ್ ಬೋಲ್ಟ್ ಎರಡೂ. ಟಬ್ಬಿನಲ್ಲಿ ಹಿಡಿಯಿರಿ, ಚರಂಡಿಗೆ ಬಿಡಬೇಡಿ. ಗ್ಲೈಕಾಲ್ ಸಿಹಿ, ಬೀದಿ ನಾಯಿ ನೆಕ್ಕಿದರೆ ಸಾಯುತ್ತದೆ. ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾದ ಮೇಲೆ ರೇಡಿಯೇಟರ್ ದಾರಿ ತೆರೆಯುವ ವಾಲ್ವ್) ತೆಗೆದಿಡಿ, ಅದು ಮುಚ್ಚಿಕೊಂಡರೆ ಸೋಪು ರೇಡಿಯೇಟರ್ ತಲುಪುವುದೇ ಇಲ್ಲ.

ಯಾವ ಸೋಪು? ಆಯಿಲ್ ತೆಗೆಯಲೆಂದೇ ಬರುವ ಕೂಲಿಂಗ್ ಸಿಸ್ಟಂ ಕ್ಲೀನರ್ ಸಿಕ್ಕರೆ ಅದೇ ಉತ್ತಮ, ಬಾಟಲಿಯ ಅಳತೆ ಪಾಲಿಸಿ. ಸಿಗದಿದ್ದರೆ ಫ್ರಂಟ್ ಲೋಡ್ ವಾಷಿಂಗ್ ಮಷೀನಿನ ಪುಡಿ. 6 ಲೀಟರ್ ಹಿಡಿಯುವ ಗಾಡಿಗೆ ಎರಡು ದೊಡ್ಡ ಚಮಚ. ಬಿಸಿನೀರಿನಲ್ಲಿ ಪೂರ್ತಿ ಕರಗಿಸಿ ಬಟ್ಟೆಯಲ್ಲಿ ಸೋಸಿ ಹಾಕಿ. ಪಾತ್ರೆ ತೊಳೆಯುವ ಲಿಕ್ವಿಡ್ ಬೇಡ. ಅದರ ನೊರೆಗೆ ಪಂಪಿನಲ್ಲಿ ಗಾಳಿ ಸಿಕ್ಕಿ, ನೀರು ತಿರುಗದೆ ಹೆಡ್ ಕಾಯುತ್ತದೆ. ಕಾಸ್ಟಿಕ್ ಸೋಡಾ ಅಲ್ಯೂಮಿನಿಯಂ ತಿನ್ನುತ್ತದೆ. ಸೀಮೆಎಣ್ಣೆ, ಡೀಸೆಲ್ ಹಾಕಿ ತೊಳೆಯುವುದು ಹಳೇ ಶೆಡ್ಡುಗಳ ಉಪಾಯ. ರಬ್ಬರೂ ಹಾಳು, ಬೆಂಕಿಯ ಭಯವೂ ಇದೆ.

ಮುಚ್ಚಳ ಹಾಕಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, 1500 ಆರ್‌ಪಿಎಂನಲ್ಲಿ 15ರಿಂದ 20 ನಿಮಿಷ ಓಡಿಸಿ. ನೀರು 80 ಡಿಗ್ರಿ ಮುಟ್ಟಬೇಕು, ಉಗುರು ಬೆಚ್ಚಗಿನ ನೀರಿಗೆ ಜಿಡ್ಡು ಜಗ್ಗುವುದಿಲ್ಲ. ಥರ್ಮೋಸ್ಟಾಟ್ ಇಲ್ಲದ ಇಂಜಿನ್ ಬೇಗ ಕಾಯುವುದಿಲ್ಲ, ರೇಡಿಯೇಟರ್ ಮುಂದೆ ರಟ್ಟು ಅಡ್ಡ ಇಡಿ, ಕಣ್ಣು ಟೆಂಪರೇಚರ್ ಮುಳ್ಳಿನ ಮೇಲಿರಲಿ. ಆಮೇಲೆ ಆರಲು ಬಿಡಿ, ಆದರೆ ಪೂರ್ತಿ ಅಲ್ಲ. ಹೋಸ್ ಮೇಲೆ ಕೈಯಿಟ್ಟರೆ ತಡೆದುಕೊಳ್ಳುವಷ್ಟು ಬಿಸಿಯಲ್ಲಿ ಇಳಿಸಿ. ತಣ್ಣಗಾದರೆ ಬಿಟ್ಟ ಜಿಡ್ಡು ಮತ್ತೆ ಗೋಡೆಗೆ ಹತ್ತುತ್ತದೆ. ಸೋಪಿನ ನೀರನ್ನು ರಾತ್ರಿಯಿಡೀ ಬಿಡಲೇಬೇಡಿ. ಬಿಸಿ ಇಂಜಿನ್‌ಗೆ ತಣ್ಣೀರನ್ನೂ ಸುರಿಯಬೇಡಿ, ಇದ್ದ ಒಳ್ಳೆಯ ಹೆಡ್ ಕೂಡ ಬಿರಿಯುತ್ತದೆ.

ಪ್ರತಿ ಸಲ ಇಳಿಸಿದ ನೀರನ್ನು ಒಂದೊಂದು ಗಾಜಿನ ಬಾಟಲಿಯಲ್ಲಿ ತುಂಬಿ, ನಂಬರ್ ಬರೆದು ಸಾಲಾಗಿ ಇಡಿ. ಮೊದಲನೆಯದು ಕಾಫಿ. ಎರಡನೆಯದು ರಾಡಿ. ಮೂರನೆಯದು ಅಕ್ಕಿ ತೊಳೆದ ನೀರು. ಒಂದು ಗಂಟೆ ಬಿಟ್ಟು ನೋಡಿದರೆ ಪ್ರತಿಯೊಂದರ ತಲೆಯ ಮೇಲೂ ಆಯಿಲ್ ಪದರ ನಿಂತಿರುತ್ತದೆ, ಬಾಟಲಿಯಿಂದ ಬಾಟಲಿಗೆ ಅದು ತೆಳುವಾಗಬೇಕು. ಪದರ ಕಾಣದೇ ಹೋಗುವವರೆಗೆ ಸೋಪಿನ ಸುತ್ತು ನಿಲ್ಲಿಸಬೇಡಿ. ಸಾಮಾನ್ಯವಾಗಿ ಮೂರು ನಾಲ್ಕು ಸುತ್ತು ಸೋಪು, ಆಮೇಲೆ ನೊರೆ ಹೋಗುವವರೆಗೆ ಮೂರು ನಾಲ್ಕು ಸುತ್ತು ಬರೀ ನೀರು. ಲೆಕ್ಕ ಹಾಕಿದರೆ 50 ಲೀಟರ್ ಹತ್ತಿರ ಆಗುತ್ತದೆ, ಒಂದು ಇಡೀ ದಿನ ಹಿಡಿಯುತ್ತದೆ. ಕೊನೆಯ ಎರಡು ಸುತ್ತಿಗೆ ಡಿಎಂ ವಾಟರ್ (ಲವಣ ತೆಗೆದ ನೀರು) ಬಳಸಿ, ಬೋರ್‌ವೆಲ್ ನೀರಿನ ಗಡಸು ಒಳಗೆ ಕಲ್ಲುಕಟ್ಟುತ್ತದೆ.

ಆಯಿಲ್ ಅಡಗುವ ಜಾಗಗಳು ಮೂರು. ಡ್ಯಾಶ್‌ಬೋರ್ಡ್ ಒಳಗಿನ ಹೀಟರ್ ಕೋರ್ (ಕಾರಿನ ಒಳಗೆ ಬಿಸಿಗಾಳಿ ಕೊಡುವ ಪುಟ್ಟ ರೇಡಿಯೇಟರ್): ಇಂಜಿನ್ ಕಡೆಯ ಎರಡೂ ಹೋಸ್ ಬಿಚ್ಚಿ ತೋಟದ ಪೈಪಿನಿಂದ ಹಿಂದುಮುಂದಾಗಿ ನೀರು ಹಾಯಿಸಿ. ಕಂಪ್ರೆಸರ್ ಗಾಳಿ ಬಿಡಬೇಡಿ. ಅದು ಒಡೆದರೆ ಡ್ಯಾಶ್‌ಬೋರ್ಡೇ ಇಳಿಯಬೇಕು. ರೇಡಿಯೇಟರ್: ಕೆಳಗಿನಿಂದ ಮೇಲಕ್ಕೆ ನೀರು ಬಿಡಿ. ಗೇರ್ ಆಯಿಲ್ ಕೇಸ್ ಆದರೆ ತೊಳೆಯುತ್ತ ಕೂರದೆ ಹೊಸದೇ ಹಾಕಿ. ಇನ್ನು ಡಬ್ಬಿ: ಬಿಚ್ಚಿ ತಂದು ಒಂದು ಹಿಡಿ ಅಕ್ಕಿ, ಬಿಸಿ ಸೋಪುನೀರು ಹಾಕಿ ಚೆನ್ನಾಗಿ ಕುಲುಕಿ. ಎಣ್ಣೆ ಬಾಟಲಿಗೆ ಅಜ್ಜಿಯರು ಮಾಡುತ್ತಿದ್ದ ಕೆಲಸವೇ. ಆಮೇಲೂ ಕಂದು ಬಣ್ಣ ಹೋಗದಿದ್ದರೆ ಹೊಸ ಡಬ್ಬಿ ತನ್ನಿ. ಕಲೆಯಾದ ಡಬ್ಬಿಯಲ್ಲಿ ನಾಳೆ ಆಯಿಲ್ ಬಂತೋ ಇಲ್ಲವೋ ಕಾಣುವುದೇ ಇಲ್ಲ.

‘ಹೆಡ್ ಗ್ಯಾಸ್ಕೆಟ್ ರಿಪೇರಿ’ ಎಂದು ಬರೆದ ಬಾಟಲಿಗಳ ಬಗ್ಗೆ ಒಂದೇ ಮಾತು: ಸೋರುವ ಜಾಗ ಮುಚ್ಚುವ ಮೊದಲು ಅವು ಹೀಟರ್ ಕೋರನ್ನು ಮುಚ್ಚುತ್ತವೆ.

ತುಂಬಿಸುವುದು, ಕಾಯುವುದು

ಹೊಸ ಹೋಸ್, ಥರ್ಮೋಸ್ಟಾಟ್, ಡಬ್ಬಿಯ ಮುಚ್ಚಳ ಹಾಕಿ. ಎಷ್ಟು ಇಳಿಸಿದರೂ ಬ್ಲಾಕ್‌ನಲ್ಲಿ ಒಂದಷ್ಟು ನೀರು ಉಳಿದೇ ಇರುತ್ತದೆ. ಆದ್ದರಿಂದ ನೀರು ಬೆರೆಸಿಯೇ ಬರುವ ರೆಡಿಮಿಕ್ಸ್ ಬದಲು ನೀರು ಬೆರೆಸದ ಕಾನ್ಸಂಟ್ರೇಟ್ ತೆಗೆದುಕೊಳ್ಳಿ. 6 ಲೀಟರ್ ಗಾಡಿಗೆ ಮೊದಲು 3 ಲೀಟರ್ ಕಾನ್ಸಂಟ್ರೇಟ್, ಆಮೇಲೆ ಹಿಡಿಯುವಷ್ಟು ಡಿಎಂ ವಾಟರ್. ಬಣ್ಣ ನೋಡಿ ಕೊಳ್ಳಬೇಡಿ, ಮ್ಯಾನ್ಯುವಲ್‌ನಲ್ಲಿ ಬರೆದ ಸ್ಪೆಸಿಫಿಕೇಶನ್ ನೋಡಿ. ಬ್ಲೀಡ್ ಸ್ಕ್ರೂ ಬಿಚ್ಚಿ, ಹೀಟರ್ ಬಿಸಿಗಿಟ್ಟು ಗಾಳಿ ತೆಗೆಯಿರಿ. ಇಂಜಿನ್ ಆಯಿಲ್, ಫಿಲ್ಟರ್ ಮತ್ತೆ ಬದಲಾಯಿಸಿ.

100 ಕಿಲೋಮೀಟರ್ ಓಡಿದ ಮೇಲೆ ಒಮ್ಮೆ, 500 ಮುಟ್ಟಿದ ಮೇಲೆ ಇನ್ನೊಮ್ಮೆ ತಣ್ಣಗಿದ್ದಾಗ ಡಬ್ಬಿ ತೆರೆದು ಟಿಶ್ಯೂ ಅದ್ದಿ ನೋಡಿ. ಮೊದಲ ಸಲ ತೆಳ್ಳಗೆ ಕಾಮನಬಿಲ್ಲಿನ ಪೊರೆ ಕಂಡರೆ ಹೆದರಬೇಡಿ. ಎಲ್ಲೋ ಮೂಲೆಯಲ್ಲಿ ಉಳಿದದ್ದು ಬಿಡುತ್ತಿದೆ, ಟಿಶ್ಯೂವಿನಲ್ಲೇ ಹೀರಿ ತೆಗೆಯಿರಿ. ಎರಡನೇ ಸಲಕ್ಕೆ ಅದು ಕಡಿಮೆಯಾಗಿರಬೇಕು. ಪೊರೆ ಹೆಚ್ಚಾಗಿದ್ದು, ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟವೂ ಇಳಿದಿದ್ದರೆ ತೂತು ಇನ್ನೂ ಇದೆ. ಮತ್ತೆ ತೊಳೆಯಬೇಡಿ, ಪ್ರೆಷರ್ ಟೆಸ್ಟ್‌ನಿಂದ ಶುರು ಮಾಡಿ.