ಕೊಲರಾಡೋದ ಲೇಕ್ ಕೌಂಟಿ: ಒಂದು ಗಣಿನಾಡನ್ನು ನೋಡುವ ಬಗೆ

ಅಮೆರಿಕದ ಕೊಲರಾಡೋ ರಾಜ್ಯದ ಲೇಕ್ ಕೌಂಟಿಗೆ ಬರುವ ಅನೇಕರು 4,401 ಮೀಟರ್ ಎತ್ತರದ ಮೌಂಟ್ ಎಲ್ಬರ್ಟ್ ಶಿಖರವನ್ನು ಏರಿ ಹಾಗೆಯೇ ಮರಳುತ್ತಾರೆ. ಏಳು ಸಾವಿರಕ್ಕೆ ಸ್ವಲ್ಪ ಹೆಚ್ಚು ಜನರಿರುವ ಈ ಗ್ರಾಮೀಣ ಕೌಂಟಿಯನ್ನು ನಿಜವಾಗಿ ಅರಿಯಬೇಕಾದರೆ, ಅದರ ಕೇಂದ್ರವಾದ ಲೀಡ್‌ವಿಲ್ ಊರಿನ ಪೂರ್ವಕ್ಕೆ ಹರಡಿರುವ ಕಲ್ಲುಮಣ್ಣಿನ ದಿಬ್ಬಗಳ ಕಡೆಗೆ ಮೊದಲು ತಿರುಗಬೇಕು. ಗಣಿಯಿಂದ ತೆಗೆದು ಸುರಿದ ಆ ರಾಶಿಗಳಲ್ಲಿ ಇಲ್ಲಿನ ಸಿರಿಯೂ ಇದೆ, ವಿಷವೂ ಇದೆ. ಇದಕ್ಕೆ ಎರಡು ದಿನಗಳನ್ನಾದರೂ ಮೀಸಲಿಡಿ.

ಲೀಡ್‌ವಿಲ್ 3,094 ಮೀಟರ್ ಎತ್ತರದಲ್ಲಿದೆ. ಡೆನ್ವರ್‌ನಿಂದ ಸುಮಾರು 160 ಕಿಲೋಮೀಟರ್ ದೂರವನ್ನು ಕಾರಿನಲ್ಲಿ ಕ್ರಮಿಸಿ ಇಳಿದ ಕೂಡಲೇ ನಡಿಗೆಗೆ ಹೊರಡಬೇಡಿ; ಮೊದಲ ದಿನ ನಿಧಾನವಾಗಿ ಓಡಾಡಿ, ಆಗಾಗ ನೀರು ಕುಡಿಯಿರಿ, ತಲೆನೋವು ಮತ್ತು ವಾಕರಿಕೆ ಹೆಚ್ಚುತ್ತ ಹೋದರೆ ತಡಮಾಡದೆ ಕೆಳಗಿನ ಊರಿಗೆ ಇಳಿಯಿರಿ.

ಆ ಮೊದಲ ದಿನಕ್ಕೆ ಒಪ್ಪುವ ಸ್ಥಳವೆಂದರೆ ರಾಷ್ಟ್ರೀಯ ಗಣಿಗಾರಿಕೆ ವಸ್ತುಸಂಗ್ರಹಾಲಯ. ಅಲ್ಲಿಗೆ ಹೋಗುವಾಗ ಒಂದು ಸಂಗತಿ ನೆನಪಿನಲ್ಲಿರಲಿ. 1860ರಲ್ಲಿ ಕ್ಯಾಲಿಫೋರ್ನಿಯಾ ಗಲ್ಚ್ ಎಂಬ ಕಣಿವೆಯಲ್ಲಿ ಚಿನ್ನ ಸಿಕ್ಕಿದಾಗ, ಅದನ್ನು ತೊಳೆಯುವ ಮರದ ಕಾಲುವೆಗಳಲ್ಲಿ ಭಾರವಾದ ಕಪ್ಪು ಮರಳು ಕಟ್ಟಿಕೊಂಡು ಕೆಲಸಗಾರರನ್ನು ಕಾಡುತ್ತಿತ್ತು. ಅವರು ಬೇಸತ್ತು ಎಸೆಯುತ್ತಿದ್ದ ಆ ಮರಳು ಬೆಳ್ಳಿ ಬೆರೆತ ಸೀಸದ ಅದಿರು ಎಂಬುದು ಒಂದೂವರೆ ದಶಕದ ನಂತರವಷ್ಟೇ ತಿಳಿಯಿತು, ಮತ್ತು ಕೆಲವೇ ವರ್ಷಗಳಲ್ಲಿ ಅಲ್ಲೊಂದು ನಗರವೇ ಎದ್ದು ನಿಂತಿತು. ಊರಿನ ಹೆಸರಿನಲ್ಲಿ ಬೆಳ್ಳಿಯ ಬದಲು ಸೀಸ (ಇಂಗ್ಲಿಷಿನಲ್ಲಿ ‘ಲೆಡ್’) ಉಳಿದಿರುವುದು ಇದೇ ಕಾರಣಕ್ಕೆ.

ಅಲ್ಲಿಂದ ಹ್ಯಾರಿಸನ್ ಅವೆನ್ಯೂದಲ್ಲಿ ನಡೆದು, ಬೆಳ್ಳಿಯಿಂದ ಕೋಟ್ಯಧೀಶನಾದ ಹೊರೇಸ್ ಟೇಬರ್ 1879ರಲ್ಲಿ ಕಟ್ಟಿಸಿದ ಆಪೆರಾ ಹೌಸನ್ನು ನೋಡಿ, ಬಳಿಕ ಅವನದೇ ಆಗಿದ್ದ ಮ್ಯಾಚ್‌ಲೆಸ್ ಗಣಿಗೆ ಹೋಗಿ. ಈ ಅನುಕ್ರಮವನ್ನು ಬದಲಿಸಬೇಡಿ ಎಂಬುದು ನನ್ನ ಸಲಹೆ. 1893ರಲ್ಲಿ ಸರ್ಕಾರ ಬೆಳ್ಳಿ ಖರೀದಿಯ ಕಾಯಿದೆಯನ್ನು ರದ್ದುಪಡಿಸಿದಾಗ ಟೇಬರನ ಸಂಪತ್ತು ಕರಗಿಹೋಯಿತು. ಅವನ ಪತ್ನಿ ಬೇಬಿ ಡೋ ಗಣಿಯ ಪಕ್ಕದ ಪುಟ್ಟ ಮರದ ಮನೆಯಲ್ಲಿ ದಶಕಗಳ ಕಾಲ ಬಾಳಿ, 1935ರ ಚಳಿಗಾಲದಲ್ಲಿ ಅಲ್ಲಿಯೇ ಒಂಟಿಯಾಗಿ ತೀರಿಕೊಂಡಳು. ಆಪೆರಾ ಹೌಸನ್ನು ಕಂಡ ಕಣ್ಣಿನಿಂದಲೇ ಆ ಮನೆಯನ್ನು ಕಾಣಬೇಕು.

ಎರಡನೆಯ ದಿನವನ್ನು ಮಿನರಲ್ ಬೆಲ್ಟ್ ಟ್ರೇಲ್‌ಗೆ ಕೊಡಿ. ಊರನ್ನು ಸುತ್ತುವರಿಯುವ, ಸುಮಾರು 18.7 ಕಿಲೋಮೀಟರ್ ಉದ್ದದ ಈ ಡಾಂಬರು ಹಾದಿ ಗಣಿಗಳ ನಡುವೆಯೇ ಸಾಗುತ್ತದೆ. ಬೇಸಿಗೆಯ ಮಧ್ಯಾಹ್ನಗಳಲ್ಲಿ ಗುಡುಗು ಸಿಡಿಲು ಸಾಮಾನ್ಯವಾದ್ದರಿಂದ ಬೆಳಿಗ್ಗೆ ಬೇಗ ಹೊರಡಿ. ಹಾದಿ ಬಿಟ್ಟು ದಿಬ್ಬಗಳನ್ನು ಹತ್ತಬೇಡಿ, ಬಣ್ಣದ ಕಲ್ಲುಗಳನ್ನು ಆರಿಸಬೇಡಿ. ಆ ಮಣ್ಣಿನಲ್ಲಿ ಸೀಸ ಇರಬಹುದಾದ್ದರಿಂದ ಮಕ್ಕಳಿಗೆ ತಿನ್ನಲು ಕೊಡುವ ಮುನ್ನ ಕೈ ತೊಳೆಸಿ. ಪಾಳುಬಿದ್ದ ಸುರಂಗದ ಬಾಯಿಗೆ ತಲೆ ಹಾಕುವುದು ಕೂಡ ಅಪಾಯಕಾರಿ, ಏಕೆಂದರೆ ಒಳಗಿನ ಮರದ ಆಸರೆಗಳು ಕೊಳೆತಿರುತ್ತವೆ, ಗಾಳಿಯಲ್ಲಿ ಆಮ್ಲಜನಕ ಸಾಲದೆ ಇರಬಹುದು.

ಸಮಯವಿದ್ದರೆ ಫ್ರೀಮಾಂಟ್ ಪಾಸ್‌ನವರೆಗೆ ಹೋಗಿ, ಉಕ್ಕನ್ನು ಗಟ್ಟಿಗೊಳಿಸುವ ಮಾಲಿಬ್ಡಿನಮ್ ತೆಗೆಯುವ ಕ್ಲೈಮ್ಯಾಕ್ಸ್ ಗಣಿಯನ್ನು ರಸ್ತೆಯಿಂದಲೇ ನೋಡಿ. 1980ರ ದಶಕದ ಆರಂಭದಲ್ಲಿ ಅದು ಕೆಲಸ ನಿಲ್ಲಿಸಿದಾಗ ಸಾವಿರಾರು ಜನ ನಿರುದ್ಯೋಗಿಗಳಾದರು. ಹಾಗೆ ಕೆಲಸ ಕಳೆದುಕೊಂಡವರಲ್ಲಿ ಒಬ್ಬರಾದ ಕೆನ್ ಕ್ಲೋಬರ್, ಜನರನ್ನು ಊರಿಗೆ ಸೆಳೆಯಲೆಂದು 1983ರಲ್ಲಿ ಆರಂಭಿಸಿದ ನೂರು ಮೈಲಿ ಓಟ ಇಂದು ಜಗತ್ಪ್ರಸಿದ್ಧ. ಗಣಿ 2012ರಲ್ಲಿ ಮತ್ತೆ ತೆರೆಯಿತು.

ಊರಿಗೆ ಮರಳಿ, ಎವರ್‌ಗ್ರೀನ್ ಸ್ಮಶಾನದ ಬಡವರ ಭಾಗಕ್ಕೆ ತಪ್ಪದೆ ಹೋಗಿ. ಪೈನ್ ಮರಗಳ ಕೆಳಗೆ ನೆಲ ಅಲ್ಲಲ್ಲಿ ಕುಸಿದಿರುತ್ತದೆ. ಹೆಸರಿನ ಕಲ್ಲೂ ಇಲ್ಲದ ಸಾವಿರಕ್ಕೂ ಹೆಚ್ಚು ಸಮಾಧಿಗಳು ಅವು, ಅಲ್ಲಿರುವವರಲ್ಲಿ ಹೆಚ್ಚಿನವರು ಐರಿಷ್ ವಲಸಿಗರು. ದಯವಿಟ್ಟು ಆ ತಗ್ಗುಗಳನ್ನು ತುಳಿಯದೆ ಬದಿಯಿಂದ ನಡೆಯಿರಿ.

ಕೊನೆಯದಾಗಿ ಅರ್ಕನ್ಸಾ ನದಿಯ ದಂಡೆಗೆ ಇಳಿಯಿರಿ. ಗಣಿಗಳಿಂದ ಹರಿದ ಆಮ್ಲಯುಕ್ತ ನೀರು ಈ ನದಿಯ ಮೀನುಗಳನ್ನು ಕೊಲ್ಲುತ್ತಿದ್ದುದರಿಂದ, 1983ರಲ್ಲಿ ಕ್ಯಾಲಿಫೋರ್ನಿಯಾ ಗಲ್ಚ್ ಪ್ರದೇಶವನ್ನು ಒಕ್ಕೂಟ ಸರ್ಕಾರದ ಸೂಪರ್‌ಫಂಡ್ ಶುದ್ಧೀಕರಣ ಪಟ್ಟಿಗೆ ಸೇರಿಸಲಾಯಿತು. ಮೂರು ದಶಕಗಳ ದುಡಿಮೆಯ ಬಳಿಕ, 2014ರಲ್ಲಿ, ಲೀಡ್‌ವಿಲ್ ಬಳಿಯಿಂದ ಕೆಳಕ್ಕೆ ನೂರಕ್ಕೂ ಹೆಚ್ಚು ಮೈಲಿಗಳ ಹರಿವಿಗೆ ಉತ್ತಮ ಟ್ರೌಟ್ ಮೀನಿನ ನೀರೆಂಬ ರಾಜ್ಯಮಟ್ಟದ ಮನ್ನಣೆ ದೊರೆಯಿತು. ಬೆಳಗಿನ ಹೊತ್ತು ದಂಡೆಯಲ್ಲಿ ಸದ್ದಿಲ್ಲದೆ ನಿಂತರೆ ಆ ಮೀನುಗಳು ಕಣ್ಣಿಗೆ ಬಿದ್ದಾವು.