ಹಳೆಯ ಕಾಮಿಕ್ಸ್‌ಗೆ ಎಷ್ಟು ಬೆಲೆ? ಒಬ್ಬ ಬೈಂಡರ್ ಹೇಳುವ ದಾರಿ

ನಾನು ಪುಸ್ತಕಗಳಿಗೆ ಬೈಂಡಿಂಗ್ ಮಾಡುವವಳು. ಹರಿದ ಹಾಳೆ ಅಂಟಿಸುವುದು, ಸಡಿಲವಾದ ಹೊಲಿಗೆ ಬಿಗಿ ಮಾಡುವುದು, ಹೊಸ ರಟ್ಟು ಹಾಕುವುದು ನನ್ನ ಕಸುಬು. ಹಳೆಯ ಅಮೆರಿಕನ್ ಕಾಮಿಕ್ಸ್ ನನ್ನ ಹುಚ್ಚು. ಹಾಗಾಗಿ ಕಾಮಿಕ್ಸ್ ಇರುವವರು ನನ್ನ ಹತ್ತಿರ ಎರಡು ಪ್ರಶ್ನೆ ತರುತ್ತಾರೆ. "ಇದಕ್ಕೆ ಎಷ್ಟು ಬರುತ್ತೆ?" ಮತ್ತು "ಮಾರೋಕೆ ಮುಂಚೆ ಸ್ವಲ್ಪ ಸರಿ ಮಾಡಿಕೊಡ್ತೀರಾ?" ಎರಡನೆಯದಕ್ಕೆ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಬೇಡ. ಯಾರ ಕೈಗೂ ಕೊಡಬೇಡಿ, ನನ್ನ ಕೈಗೂ ಕೊಡಬೇಡಿ. ಓದುವ ಪುಸ್ತಕಕ್ಕೆ ರಿಪೇರಿ ಮಾಡಿದರೆ ಆಯುಷ್ಯ ಹೆಚ್ಚುತ್ತದೆ. ಸಂಗ್ರಾಹಕರು ಹುಡುಕುವ ಕಾಮಿಕ್‌ಗೆ ಅದೇ ರಿಪೇರಿ ಮಾಡಿದರೆ ಬೆಲೆ ಇಳಿಯುತ್ತದೆ. ಯಾಕೆ ಅಂತ ಮುಂದೆ ಹೇಳುತ್ತೇನೆ. ಮೊದಲ ಪ್ರಶ್ನೆಗೆ ಉತ್ತರ ಹುಡುಕುವ ಕ್ರಮ ಇದು.

ಹಳೆಯದು ಅಂದ ಮಾತ್ರಕ್ಕೆ ಬೆಲೆ ಬರುವುದಿಲ್ಲ. ಆ ಸಂಚಿಕೆಯಲ್ಲಿ ಏನು ಮೊದಲ ಸಲ ಆಯಿತು ಅಂತ ನೋಡಬೇಕು. 1938ರ ಜೂನ್ ತಿಂಗಳ ಆಕ್ಷನ್ ಕಾಮಿಕ್ಸ್ ಮೊದಲ ಸಂಚಿಕೆಯಲ್ಲಿ ಸೂಪರ್‌ಮ್ಯಾನ್ ಬಂದ. 1939ರ ಡಿಟೆಕ್ಟಿವ್ ಕಾಮಿಕ್ಸ್ 27ರಲ್ಲಿ ಬ್ಯಾಟ್‌ಮ್ಯಾನ್, 1962ರ ಅಮೇಜಿಂಗ್ ಫ್ಯಾಂಟಸಿ 15ರಲ್ಲಿ ಸ್ಪೈಡರ್‌ಮ್ಯಾನ್. ವುಲ್ವರಿನ್ 1974ರಲ್ಲಿ ಹಲ್ಕ್ 180ರ ಕೊನೆಯ ಪುಟದಲ್ಲಿ ಇಣುಕಿ, 181ರಲ್ಲಿ ಪೂರ್ತಿಯಾಗಿ ಕಾಣಿಸಿಕೊಂಡ. ಜನ ಹಣ ಸುರಿಯುವುದು 181ಕ್ಕೆ. ಇಂಥ ಸಂಚಿಕೆಗಳಿಗೆ ಸಂಗ್ರಾಹಕರು "ಕೀ" ಅನ್ನುತ್ತಾರೆ. ಕೀ ಪಕ್ಕದ ಸಂಚಿಕೆ ಅಷ್ಟೇ ಹಳೆಯದಾದರೂ, ಅಷ್ಟೇ ಚೆನ್ನಾಗಿದ್ದರೂ, ಅದರ ಬೆಲೆಯ ಹತ್ತಿರ ಸುಳಿಯುವುದಿಲ್ಲ.

ಎಷ್ಟು ಪ್ರತಿ ಉಳಿದಿದೆ ಅನ್ನುವುದು ಇನ್ನೊಂದು. 1930 ಮತ್ತು 40ರ ದಶಕದ ಕಾಮಿಕ್ 10 ಸೆಂಟ್‌ಗೆ ಸಿಗುತ್ತಿತ್ತು. ಮಕ್ಕಳು ಮಡಚಿ ಜೇಬಿಗೆ ತುರುಕಿದರು, ಕೈಯಿಂದ ಕೈಗೆ ದಾಟಿಸಿದರು, ಓದಿ ಎಸೆದರು. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದಲ್ಲಿ ಮನೆಮನೆಯಿಂದ ರದ್ದಿ ಕಾಗದ ಕೂಡಿಹಾಕಿದಾಗ ಎಷ್ಟೋ ಕಾಮಿಕ್ಸ್ ಅದರಲ್ಲೇ ಹೋದವು. ಉಳಿದವು ಆಕಸ್ಮಿಕವಾಗಿ ಉಳಿದವು. ಈಗ 1991ರ ಎಕ್ಸ್‌ಮೆನ್ ಮೊದಲ ಸಂಚಿಕೆ ನೋಡಿ. 80 ಲಕ್ಷಕ್ಕೂ ಜಾಸ್ತಿ ಪ್ರತಿ ಹೊರಬಂತು. 1992ರಲ್ಲಿ ಸೂಪರ್‌ಮ್ಯಾನ್ ಸಾಯುವ 75ನೇ ಸಂಚಿಕೆಯನ್ನು ಕಪ್ಪು ಕವರಿನಲ್ಲಿ ಹಾಕಿ ಮಾರಿದರು. ಜನ ಕವರ್ ಕೂಡ ಬಿಚ್ಚದೆ "ಮುಂದೆ ದುಡ್ಡಾಗುತ್ತೆ" ಅಂತ ಎತ್ತಿಟ್ಟರು. ಎಲ್ಲರೂ ಎತ್ತಿಟ್ಟದ್ದು ಎಲ್ಲರ ಹತ್ತಿರವೂ ಇದೆ. ನಿಮ್ಮ ಪೆಟ್ಟಿಗೆ ತುಂಬ 1990ರ ದಶಕದ ಮೊದಲ ಸಂಚಿಕೆಗಳಿದ್ದರೆ ಓದಿ ಖುಷಿಪಡಿ. ಅವುಗಳ ಮೇಲೆ ಮನೆ ಕಟ್ಟುವ ಲೆಕ್ಕ ಹಾಕಬೇಡಿ.

ಈಗ ಕೈಯಲ್ಲಿರುವುದು ನಿಜಕ್ಕೂ ಆ ಸಂಚಿಕೆಯೇ ಅಂತ ಖಾತ್ರಿ ಮಾಡಿಕೊಳ್ಳಿ. ಮುಖಪುಟ ನಂಬಬೇಡಿ. ಒಳಗೆ, ಸಾಮಾನ್ಯವಾಗಿ ಮೊದಲ ಪುಟದ ಕೆಳಗೆ, ಸಣ್ಣಕ್ಷರದಲ್ಲಿ ಪ್ರಕಾಶಕರ ಹೆಸರು, ಸಂಚಿಕೆ ಸಂಖ್ಯೆ, ತಿಂಗಳು, ವರ್ಷ ಇರುತ್ತದೆ. ಮರುಮುದ್ರಣವಾದರೆ ಹೆಚ್ಚಾಗಿ ಅಲ್ಲೇ ಗೊತ್ತಾಗುತ್ತದೆ. ಹೆಚ್ಚಾಗಿ ಅಂದೆ, ಯಾವಾಗಲೂ ಅಲ್ಲ. 1974ರಲ್ಲಿ ಸೂಪರ್‌ಮ್ಯಾನ್‌ನ ಪ್ರಕಾಶಕರಾದ ಡಿಸಿಯವರೇ "ಫೇಮಸ್ ಫಸ್ಟ್ ಎಡಿಷನ್" ಅಂತ ಆಕ್ಷನ್ ಕಾಮಿಕ್ಸ್ 1ನ್ನು ದೊಡ್ಡ ಆಕಾರದಲ್ಲಿ ಮತ್ತೆ ಅಚ್ಚು ಹಾಕಿದರು. ಅದಕ್ಕೊಂದು ಹೊರ ಹೊದಿಕೆ ಇತ್ತು. ಆ ಹೊದಿಕೆ ತೆಗೆದರೆ ಒಳಗಿನದು ಮೂಲದ ಹಾಗೇ ಕಾಣುತ್ತದೆ. ಹೀಗೆ ಹೊದಿಕೆ ಕಳಚಿದ ಪ್ರತಿಗಳನ್ನು ಮೂಲ ಅಂತ ಮಾರಿದವರಿದ್ದಾರೆ. ಹಿಡಿಯುವುದು ಸುಲಭ. ಸ್ಕೇಲ್ ತಗೊಳ್ಳಿ. ಮೂಲದ ಎತ್ತರ ಸುಮಾರು ಹತ್ತೂವರೆ ಇಂಚು. ಮರುಮುದ್ರಣ ಹದಿಮೂರು ಇಂಚು ದಾಟುತ್ತದೆ.

ಆಮೇಲೆ ಪುಟ ಎಣಿಸಿ. ಬೇಜಾರಿನ ಕೆಲಸ, ಆದರೆ ಬಿಡಬೇಡಿ. ನಡುವಿನ ಜೋಡಿಹಾಳೆ ಪಿನ್ನಿನಿಂದ ಕಳಚಿ ಬಿದ್ದುಹೋಗಿರಬಹುದು. ಜಾಹೀರಾತಿನ ಕೂಪನ್ ಕತ್ತರಿಸಿರಬಹುದು. 1970ರ ದಶಕದ ನಡುವಿನ, ಮಾರ್ವೆಲ್ ಪ್ರಕಾಶನದ ಸಂಚಿಕೆಗಳ ಓದುಗರ ಪತ್ರದ ಪುಟದಲ್ಲಿ "ವ್ಯಾಲ್ಯೂ ಸ್ಟ್ಯಾಂಪ್" ಅನ್ನುವ ಚಿಕ್ಕ ಚಿತ್ರ ಇರುತ್ತಿತ್ತು. ಕತ್ತರಿಸಿ ಅಂಟಿಸಿಕೊಳ್ಳಿ ಅಂತ ಅವರೇ ಹೇಳಿದ್ದರು. ಮಕ್ಕಳು ಕತ್ತರಿಸಿದರು. ಹಲ್ಕ್ 181ರಲ್ಲಿ ಆ ಸ್ಟ್ಯಾಂಪ್ ಇಲ್ಲದಿದ್ದರೆ, ಮುಖಪುಟ ಕನ್ನಡಿಯ ಹಾಗೆ ಹೊಳೆಯುತ್ತಿದ್ದರೂ ಬೆಲೆ ದೊಡ್ಡ ಮಟ್ಟದಲ್ಲಿ ಬೀಳುತ್ತದೆ. ಕೊಳ್ಳುವವರು ಮೊದಲು ತೆರೆಯುವ ಪುಟವೇ ಅದು.

ಇನ್ನು ಸ್ಥಿತಿ. ಬೆಲೆಯ ಬಹುಪಾಲು ಇಲ್ಲೇ ತೀರ್ಮಾನವಾಗುತ್ತದೆ. ಸ್ಥಿತಿಗೆ ಕೊಡುವ ಅಂಕಕ್ಕೆ ಗ್ರೇಡ್ ಅನ್ನುತ್ತಾರೆ, ಅದು 0.5ರಿಂದ 10.0ವರೆಗೆ ಇರುತ್ತದೆ. ಸಣ್ಣ ವ್ಯತ್ಯಾಸ ಎಷ್ಟು ದೊಡ್ಡದಾಗುತ್ತದೆ ಅಂತ ಒಂದು ಉದಾಹರಣೆ ಕೊಡುತ್ತೇನೆ. 2010ರ ಫೆಬ್ರವರಿಯಲ್ಲಿ 8.0 ಗ್ರೇಡಿನ ಆಕ್ಷನ್ ಕಾಮಿಕ್ಸ್ 1 ಹತ್ತು ಲಕ್ಷ ಡಾಲರಿಗೆ ಹೋಯಿತು. ಮಾರ್ಚ್‌ನಲ್ಲಿ 8.5ರ ಒಂದು ಪ್ರತಿ 15 ಲಕ್ಷ ಡಾಲರಿಗೆ ಹೋಯಿತು. ನಡುವೆ ಇದ್ದದ್ದು ಅರ್ಧ ಅಂಕ. 2024ರಲ್ಲಿ ಇನ್ನೊಂದು 8.5 ಪ್ರತಿ 60 ಲಕ್ಷ ಡಾಲರ್ ತಂದಿತು. ಅಮೇಜಿಂಗ್ ಫ್ಯಾಂಟಸಿ 15ರ 9.6 ಪ್ರತಿಗೆ 2021ರಲ್ಲಿ 36 ಲಕ್ಷ ಡಾಲರ್ ಬಂತು. ಅದೇ ಸಂಚಿಕೆ ಹರಿದು, ಕಲೆಯಾಗಿ, ಬೆನ್ನು ಬಿಟ್ಟುಕೊಂಡಿದ್ದರೆ ಸಾವಿರಗಳ ಲೆಕ್ಕಕ್ಕೆ ಇಳಿಯುತ್ತದೆ.

ನಾನು ನೋಡುವ ರೀತಿ ಹೀಗಿದೆ. ಕೈ ತೊಳೆದು ಪೂರ್ತಿ ಒರೆಸಿಕೊಳ್ಳುತ್ತೇನೆ. ಪುಸ್ತಕವನ್ನು ಸಮತಟ್ಟಾದ ಮೇಜಿನ ಮೇಲೆ ಇಡುತ್ತೇನೆ. ದೀಪವನ್ನು ಮೇಲಿನಿಂದ ಹಿಡಿಯದೆ ಪಕ್ಕದಿಂದ, ಓರೆಯಾಗಿ ಹಿಡಿಯುತ್ತೇನೆ. ಆಗ ನೇರ ಬೆಳಕಿನಲ್ಲಿ ಕಾಣದ ಮಡಿಕೆ, ತಗ್ಗು, ಬೆರಳಿನ ಗುರುತು ಎಲ್ಲ ಎದ್ದು ಕಾಣುತ್ತದೆ. ಮೊದಲು ಬೆನ್ನು. ಪಿನ್ನಿನ ಸುತ್ತ ಅಡ್ಡಡ್ಡ ಸಣ್ಣ ಗೆರೆಗಳಿರುತ್ತವೆ. ಆ ಗೆರೆಯಲ್ಲಿ ಬಣ್ಣ ಒಡೆದು ಬಿಳಿ ಕಾಣುತ್ತಿದೆಯಾ, ಇಲ್ಲವಾ? ಬಣ್ಣ ಒಡೆಯದ ಮಡಿಕೆಯನ್ನು ಎಷ್ಟೋ ಸಲ ಕ್ಷಮಿಸುತ್ತಾರೆ. ಬಣ್ಣ ಒಡೆದರೆ ಇಲ್ಲ. ಕಡುಬಣ್ಣದ ಮುಖಪುಟದಲ್ಲಿ ಸಣ್ಣ ಗೀರು ಕೂಡ ಕಣ್ಣಿಗೆ ಹೊಡೆಯುತ್ತದೆ.

ಆಮೇಲೆ ಮೂಲೆಗಳು, ಅಂಚುಗಳು. 1950ರ ದಶಕದ ಕೊನೆ, 60ರ ದಶಕದ ಆರಂಭದ ಮಾರ್ವೆಲ್ ಪುಸ್ತಕಗಳಲ್ಲಿ ಬಲ ಅಂಚು ಚಿಪ್ಪು ಚಿಪ್ಪಾಗಿ ಎದ್ದಿರುವುದು ಸಾಮಾನ್ಯ. ಅಚ್ಚುಮನೆಯಲ್ಲಿ ಮೊಂಡಾದ ಬ್ಲೇಡಿನಿಂದ ಕತ್ತರಿಸಿದ್ದರ ಫಲ ಅದು. ಓದುಗರ ತಪ್ಪಲ್ಲ, ಆದರೂ ಅಂಕ ಕಳೆಯುತ್ತಾರೆ. ಪಿನ್ನಿಗೆ ತುಕ್ಕು ಹಿಡಿದು ಕಾಗದಕ್ಕೆ ಹರಡಿದೆಯಾ ನೋಡಿ. ನೀರು ತಾಗಿದ್ದರೆ ಹಾಳೆ ಅಲೆ ಅಲೆಯಾಗಿರುತ್ತದೆ, ಕಲೆಯ ಅಂಚಿನಲ್ಲಿ ಕಂದು ಗೆರೆ ಇರುತ್ತದೆ.

ಒಳಪುಟಗಳ ಬಣ್ಣ ಬೈಂಡರ್ ಆಗಿ ನನಗೆ ತುಂಬ ಮುಖ್ಯ. ಇದೆಲ್ಲ ಅಗ್ಗದ ನ್ಯೂಸ್‌ಪ್ರಿಂಟ್. ಮರದ ತಿರುಳಿನಿಂದ ಮಾಡಿದ್ದು, ಒಳಗೇ ಆಮ್ಲ ಇರುವಂಥದ್ದು. ಬೆಳಕು, ಬಿಸಿ, ಗಾಳಿಗೆ ಹಳದಿಯಾಗಿ, ಕಂದಾಗಿ, ಕೊನೆಗೆ ಪುಡಿಯಾಗುತ್ತದೆ. ಬಿಳಿ, ಮಾಸಲು ಬಿಳಿ, ಕೆನೆ, ಕಂದು, ಪುಡಿಯಾಗುವ ಹಂತ ಅಂತ ಲೆಕ್ಕ ಹಾಕುತ್ತಾರೆ. 1977ರಲ್ಲಿ ಅಮೆರಿಕದ ಕೊಲರಾಡೊದಲ್ಲಿ ಎಡ್ಗರ್ ಚರ್ಚ್ ಅನ್ನುವ ಚಿತ್ರಕಾರರ ಮನೆಯಿಂದ ಸಾವಿರಾರು ಹಳೆಯ ಕಾಮಿಕ್ಸ್ ಹೊರಬಂದವು. ಅವರು ಒಂದರ ಮೇಲೊಂದು ಒತ್ತಾಗಿ ಪೇರಿಸಿಟ್ಟಿದ್ದರು. ಅಲ್ಲಿನ ಹವೆ ಒಣಹವೆ. ಹಾಳೆಗಳ ನಡುವೆ ಗಾಳಿ ಆಡಲಿಲ್ಲ, ಬೆಳಕು ಬೀಳಲಿಲ್ಲ. ಹಾಗಾಗಿ 1940ರ ದಶಕದ ಪುಟಗಳು ಬೆಳ್ಳಗೇ ಉಳಿದಿದ್ದವು. ಇವತ್ತಿಗೂ ಆ ಸಂಗ್ರಹದ ಪ್ರತಿ ಅಂದರೆ ಕೊಳ್ಳುವವರು ಮೇಲೆ ಬಿದ್ದು ಹಣ ಕೊಡುತ್ತಾರೆ. ನಾನು ಯಾರಿಗೇ ಕಾಗದದ ಬಗ್ಗೆ ಹೇಳಬೇಕಾದರೂ ಈ ಸಂಗತಿಯನ್ನೇ ಹೇಳುತ್ತೇನೆ.

ಈಗ ರಿಪೇರಿ ವಿಷಯ. ಬಣ್ಣ ಹೋದ ಜಾಗಕ್ಕೆ ಬಣ್ಣ ಹಚ್ಚುವುದು, ಹರಿದದ್ದಕ್ಕೆ ಅಂಟು ಹಾಕಿ ಮುಚ್ಚುವುದು, ಹೋದ ಮೂಲೆಗೆ ಬೇರೆ ಕಾಗದ ಕೂಡಿಸುವುದು, ಹಾಳೆ ತೊಳೆಯುವುದು, ಸವೆದ ಅಂಚು ಕತ್ತರಿಸುವುದು. ಇದೆಲ್ಲ ನನ್ನ ಕಸುಬಿನ ದಿನನಿತ್ಯದ ಕೆಲಸ. ಕಾಮಿಕ್ಸ್ ಮಾರುಕಟ್ಟೆಯಲ್ಲಿ ಇದು ಗೊತ್ತಾದ ಕೂಡಲೇ ಪುಸ್ತಕ ಬೇರೆ ಸಾಲಿಗೆ ಹೋಗುತ್ತದೆ. ಸಿಜಿಸಿ ಅನ್ನುವ ಗ್ರೇಡಿಂಗ್ ಸಂಸ್ಥೆ ರಿಪೇರಿಯಾದ ಪುಸ್ತಕಕ್ಕೆ ನೇರಳೆ ಪಟ್ಟಿ (ಲೇಬಲ್) ಹಾಕುತ್ತದೆ, ರಿಪೇರಿಯಾಗದ್ದಕ್ಕೆ ನೀಲಿ. ಅದೇ ಅಂಕವಿದ್ದರೂ ನೇರಳೆ ಪಟ್ಟಿಯದು ಎಷ್ಟೋ ಕಡಿಮೆಗೆ ಹೋಗುತ್ತದೆ. ಇದು ನ್ಯಾಯ ಅಂತಲೇ ನನಗೆ ಅನ್ನಿಸುತ್ತದೆ. ಸಂಗ್ರಾಹಕರು ಕೊಡುತ್ತಿರುವುದು ಅಷ್ಟು ವರ್ಷ ಹಾಗೇ ಉಳಿದದ್ದಕ್ಕೆ. ನಾನು ಮೊನ್ನೆ ಹಚ್ಚಿದ ಬಣ್ಣಕ್ಕೆ ಅವರು ಯಾಕೆ ಕೊಡಬೇಕು, ಅಲ್ವಾ?

ಕೊಳ್ಳುವವರು ನೀವಾದರೆ ಇದನ್ನು ಹಿಡಿಯುವುದು ಕಲಿಯಿರಿ. ಮುಖಪುಟದ ಒಳಬದಿ ನೋಡಿ. ಸ್ಕೆಚ್ ಪೆನ್ನಿನ ಬಣ್ಣ ಕಾಗದದ ಮೂಲಕ ಇಳಿದು ಅಲ್ಲಿ ಚುಕ್ಕೆಯಾಗಿ ಕಾಣುತ್ತದೆ. ಕತ್ತಲೆ ಕೋಣೆಯಲ್ಲಿ ಬ್ಲ್ಯಾಕ್‌ಲೈಟ್, ಅಂದರೆ ನೇರಳಾತೀತ ದೀಪ, ಹಿಡಿದರೆ ಎಷ್ಟೋ ಬಗೆಯ ಅಂಟು ಮತ್ತು ಹೊಸ ಬಣ್ಣ ಸುತ್ತಲಿನ ಕಾಗದಕ್ಕಿಂತ ಬೇರೆಯಾಗಿ ಕಾಣುತ್ತವೆ. ಪಿನ್ನಿನ ಪಕ್ಕ ಖಾಲಿ ತೂತುಗಳಿದ್ದರೆ ಪಿನ್ ಬದಲಾಗಿದೆ. ಅಂಚು ಕತ್ತರಿಸಿದ್ದು ಹಿಡಿಯುವುದು ಕಷ್ಟ. ನಾನು ಎರಡು ಕಡೆ ನೋಡುತ್ತೇನೆ. ಒಳಪುಟಗಳೆಲ್ಲ ಕೆನೆ ಬಣ್ಣಕ್ಕೆ ತಿರುಗಿರುವಾಗ ಅಂಚು ಮಾತ್ರ ಬೆಳ್ಳಗೆ, ಹೊಸದಾಗಿ ಕೊಯ್ದ ಹಾಗಿದ್ದರೆ ಅನುಮಾನ ಬರಬೇಕು. ಅದೇ ಶೀರ್ಷಿಕೆಯ ಹಿಂದುಮುಂದಿನ ಸಂಚಿಕೆ ಪಕ್ಕದಲ್ಲಿಟ್ಟು ಅಳೆದಾಗ ಇದು ಕುಳ್ಳಗಿದ್ದರೆ ಅನುಮಾನ ಗಟ್ಟಿ. ಸಂಚಿಕೆಗಳನ್ನೆಲ್ಲ ಸೇರಿಸಿ ರಟ್ಟು ಹಾಕಿಸಿದ ಸಂಪುಟಗಳಿಗೂ ಇದೇ ತೊಂದರೆ. ಬೈಂಡಿಂಗ್ ಮಾಡುವಾಗ ನಾವು ಮೂರು ಕಡೆ ಕತ್ತರಿಸುತ್ತೇವೆ. ಬಿಚ್ಚಿದರೂ ಹೋದ ಅಂಚು ವಾಪಸು ಬರುವುದಿಲ್ಲ.

ಪ್ರೆಸ್ಸಿಂಗ್ ಮಾತ್ರ ಬೇರೆ. ಹದವಾದ ತೇವ, ಬಿಸಿ, ಒತ್ತಡ ಕೊಟ್ಟು ಬಣ್ಣ ಒಡೆಯದ ಮಡಿಕೆಗಳನ್ನು ಸಮ ಮಾಡುತ್ತಾರೆ. ಸಿಜಿಸಿ ಇದನ್ನು ರಿಪೇರಿ ಅಂತ ಲೆಕ್ಕ ಹಾಕುವುದಿಲ್ಲ. ಆದರೆ ಇಸ್ತ್ರಿ ಪೆಟ್ಟಿಗೆ ಹಿಡಿದು ಮನೆಯಲ್ಲಿ ಮಾಡಲು ಹೋಗಬೇಡಿ. ಇದನ್ನೇ ಮಾಡುವ ಪಳಗಿದವರಿದ್ದಾರೆ.

ಗ್ರೇಡಿಂಗ್‌ಗೆ ಕಳಿಸಬೇಕಾ? ಸಿಜಿಸಿ 2000ದಿಂದ ಈ ಕೆಲಸ ಮಾಡುತ್ತಿದೆ. ಸಿಬಿಸಿಎಸ್ ಅಂತ ಇನ್ನೊಂದು ಸಂಸ್ಥೆ ಇದೆ. ನೋಡಿ, ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿ ಕೊಡುತ್ತಾರೆ. ಶುಲ್ಕ, ಅಂಚೆ, ವಿಮೆ ಎಲ್ಲ ಕೂಡಿಸಿ. ಅಂಕ ಬಂದಮೇಲೆ ಏರುವ ಬೆಲೆ ಅದಕ್ಕಿಂತ ಚೆನ್ನಾಗಿ ಜಾಸ್ತಿ ಇದ್ದರೆ ಮಾತ್ರ ಕಳಿಸಿ. ಕೀ ಸಂಚಿಕೆಗಳಿಗೆ ಸಾಮಾನ್ಯವಾಗಿ ಗಿಟ್ಟುತ್ತದೆ, ಉಳಿದದ್ದಕ್ಕೆ ಹೆಚ್ಚಾಗಿ ಗಿಟ್ಟುವುದಿಲ್ಲ. ಯಾವ ಸಂಚಿಕೆ ಯಾವ ಅಂಕದಲ್ಲಿ ಎಷ್ಟು ಇದೆ ಅನ್ನುವ ಎಣಿಕೆಯನ್ನೂ ಸಿಜಿಸಿ ಪ್ರಕಟಿಸುತ್ತದೆ. ಬೆಲೆ ಕಟ್ಟುವ ಮುನ್ನ ಅದನ್ನು ನೋಡಿ.

ಕೊನೆಗೆ ಲೆಕ್ಕ. ಮಾರುವವರು ಕೇಳುವ ಬೆಲೆ ಬೆಲೆಯಲ್ಲ. ಯಾರು ಎಷ್ಟು ಬೇಕಾದರೂ ಕೇಳಬಹುದು. ಇಬೇಯಲ್ಲಿ ಮಾರಾಟವಾದವನ್ನು ಮಾತ್ರ ತೋರಿಸುವ ಆಯ್ಕೆ ಇದೆ, ಅದನ್ನು ಒತ್ತಿ. ಹೆರಿಟೇಜ್‌ನಂಥ ಹರಾಜು ಸಂಸ್ಥೆಗಳು ಹಳೆಯ ಹರಾಜಿನ ದರಗಳನ್ನು ಇಟ್ಟಿರುತ್ತವೆ. ಅದೇ ಸಂಚಿಕೆ, ಅದೇ ಅಂಕ, ಅದೇ ಬಣ್ಣದ ಪಟ್ಟಿ, ಹತ್ತಿರದ ತಿಂಗಳುಗಳು. ಈ ನಾಲ್ಕೂ ಹೊಂದುವ ಮಾರಾಟಗಳನ್ನೇ ಬರೆದುಕೊಳ್ಳಿ. ತೀರಾ ಮೇಲಿನದೊಂದು, ತೀರಾ ಕೆಳಗಿನದೊಂದು ಬಿಟ್ಟು ಉಳಿದವುಗಳ ನಡುವೆ ನಿಮ್ಮದಿದೆ. ಹರಾಜಿನ ದರದಲ್ಲಿ ಕೊಳ್ಳುವವರು ಸಂಸ್ಥೆಗೆ ಕೊಡುವ ಕಮಿಷನ್ ಕೂಡ ಸೇರಿರುತ್ತದೆ, ಅಷ್ಟೂ ಮಾರಿದವರ ಕೈಗೆ ಹೋಗುವುದಿಲ್ಲ. 1970ರಿಂದ ಬರುತ್ತಿರುವ ಓವರ್‌ಸ್ಟ್ರೀಟ್ ದರಪಟ್ಟಿ ಪುಸ್ತಕ ಸಂಚಿಕೆಗಳ ವಿವರಕ್ಕೆ ಬಹಳ ಒಳ್ಳೆಯದು. ವರ್ಷಕ್ಕೊಮ್ಮೆ ಬರುವುದರಿಂದ ದರದಲ್ಲಿ ಮಾರುಕಟ್ಟೆಗಿಂತ ಹಿಂದೆ ಬೀಳುತ್ತದೆ. 2020 ಮತ್ತು 21ರಲ್ಲಿ ದರಗಳು ಹುಚ್ಚಾಗಿ ಏರಿ ಆಮೇಲೆ ಇಳಿದವು, ಆಗಿನ ಅಂಕಿ ಹಿಡಿದು ಕೂರಬೇಡಿ. ಯಾವುದೋ ಪಾತ್ರದ ಸಿನಿಮಾ ಬರುತ್ತದೆ ಅಂತ ಸುದ್ದಿ ಬಂದಾಗಲೂ ಹೀಗೇ ಆಗುತ್ತದೆ. ಸುದ್ದಿಯ ದಿನಗಳಲ್ಲಿ ಮಾರಿ, ಸುದ್ದಿಯ ದಿನಗಳಲ್ಲಿ ಕೊಳ್ಳಬೇಡಿ. ವ್ಯಾಪಾರಿಗೆ ನೇರ ಮಾರಿದರೆ ಈ ಲೆಕ್ಕದ ಅರ್ಧ, ಕೆಲವು ಸಲ ಅದಕ್ಕೂ ಕಡಿಮೆ ಬರುತ್ತದೆ. ಅವರೂ ಇಟ್ಟುಕೊಂಡು ಕಾಯಬೇಕಲ್ಲ.

ಮಾರುವವರೆಗೆ ಒಂದೊಂದನ್ನೂ ಮೈಲಾರ್ ಅನ್ನುವ ಪಾರದರ್ಶಕ ಪ್ಲಾಸ್ಟಿಕ್ ಕವರಿನಲ್ಲಿ, ಹಿಂದೆ ಆಮ್ಲರಹಿತ ರಟ್ಟು ಇಟ್ಟು, ಪೆಟ್ಟಿಗೆಯಲ್ಲಿ ನೇರವಾಗಿ ನಿಲ್ಲಿಸಿ. ಬಿಸಿಲು, ತೇವ ಎರಡೂ ಬೇಡ. ಸೆಲೋಟೇಪ್ ಪೆಟ್ಟಿಗೆಯ ಹತ್ತಿರವೂ ಬೇಡ. ಕವರ್ ಮುಚ್ಚಲು ಹಾಕಿದ ಟೇಪ್ ಪುಸ್ತಕ ಹೊರತೆಗೆಯುವಾಗ ಮುಖಪುಟಕ್ಕೆ ತಾಗಿ ಬಣ್ಣವನ್ನೇ ಕಿತ್ತುಕೊಂಡು ಬರುತ್ತದೆ. ಹಾಕಲೇಬೇಕಾದರೆ ಕವರಿನ ಹಿಂಬದಿಗೆ ಹಾಕಿ, ಪುಸ್ತಕ ತೆಗೆಯುವ ಮುನ್ನ ಟೇಪನ್ನು ಪೂರ್ತಿ ಕಿತ್ತು ದೂರ ಎಸೆಯಿರಿ.